ಅಣಬೆಯ ಫೋಕಸ್ ಸ್ಟ್ಯಾಕ್ ಕೆಟ್ಟಾಗ ದೋಷವನ್ನು ಹುಡುಕುವ ಬಗೆ

ಜೂನ್ ಕೊನೆಯ ವಾರದಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಯ ಕಡೆ ಹೋಗುವ ದಾರಿಯ ಅಂಚಿನಲ್ಲಿ ಬಿದ್ದು ಕೊಳೆಯುತ್ತಿರುವ ಕೊಂಬೆಗಳ ಮೇಲೆ ಏನಾದರೊಂದು ಅಣಬೆ ಎದ್ದಿರುತ್ತದೆ. ಖಾನಾಪುರ ತಾಲೂಕಿನ ಮರಾಠಿ ಮಾತಿನ ಮನೆಗಳಲ್ಲಿ ಅಳಂಬಿ ಎಂದು ಕರೆಯುವ, ಹುತ್ತದ ಬಳಿ ಏಳುವ ದೊಡ್ಡ ಅಣಬೆಗಳನ್ನು ಮೊಬೈಲಿನಿಂದಲೂ ಚೆನ್ನಾಗಿ ತೆಗೆಯಬಹುದು. ಅವು ಈ ಬರಹದ ವಿಷಯವಲ್ಲ. ಟೊಪ್ಪಿಗೆ ಐದರಿಂದ ಹದಿನೈದು ಮಿಲಿಮೀಟರ್ ಅಗಲವಿದ್ದು, ದಂಟು ಕುದುರೆಯ ಬಾಲದ ಕೂದಲಿನಷ್ಟು ತೆಳ್ಳಗಿರುವ ಮರಾಸ್ಮಿಯಸ್ ಮತ್ತು ಮೈಸಿನಾ ಕುಲದ ಅಣಬೆಗಳನ್ನು ಮ್ಯಾಕ್ರೋ ಲೆನ್ಸಿನಲ್ಲಿ ಹಿಡಿದು, ನಲವತ್ತು ಐವತ್ತು ಫ್ರೇಮ್‌ಗಳನ್ನು ಫೋಕಸ್ ತುಸುತುಸುವೇ ಸರಿಸುತ್ತ ತೆಗೆದು, ಒಂದರ ಮೇಲೊಂದು ಪೇರಿಸಿ, ಮುಂದಿನಿಂದ ಹಿಂದಿನವರೆಗೆ ಚೂಪಾದ ಒಂದೇ ಚಿತ್ರ (ಇದೇ ಫೋಕಸ್ ಸ್ಟ್ಯಾಕ್) ಮಾಡುವಾಗ ಏಳುವ ದೋಷಗಳನ್ನು ಇಲ್ಲಿ ವಿವರಿಸಿದ್ದೇನೆ.

ಸ್ಟ್ಯಾಕ್ ಕೆಟ್ಟಾಗ ಬಹಳ ಜನ ಮೊದಲು ಕೈ ಹಾಕುವುದು ತಂತ್ರಾಂಶದ ಸೆಟ್ಟಿಂಗ್‌ಗಳಿಗೆ. ನಾನೂ ಎರಡು ಮಳೆಗಾಲಗಳನ್ನು ಹಾಗೆಯೇ ಕಳೆದೆ. ಆಮೇಲೆ ಕೆಟ್ಟ ಸ್ಟ್ಯಾಕ್‌ಗಳನ್ನೆಲ್ಲ ಮತ್ತೆ ತೆರೆದು ಒಂದೊಂದೇ ಫ್ರೇಮ್ ನೋಡುತ್ತ ಹೋದಾಗ, ಹೆಚ್ಚಿನ ದೋಷಗಳು ಕಾಡಿನ ನೆಲದ ಮೇಲೆ, ಷಟರ್ ಒತ್ತುವ ಹೊತ್ತಿಗೇ ಹುಟ್ಟಿದ್ದವು ಎಂದು ಸ್ಪಷ್ಟವಾಯಿತು. ಆದ್ದರಿಂದ ಮೊದಲು ನೆಲ ಮತ್ತು ಟ್ರೈಪಾಡ್, ಬಳಿಕ ಅಣಬೆ, ಬಳಿಕ ಬೆಳಕು, ಬಳಿಕ ಲೆನ್ಸ್ ಮತ್ತು ಸಂವೇದಕ (ಬಿಂಬವನ್ನು ದಾಖಲಿಸುವ ಸೆನ್ಸರ್), ಎಲ್ಲಕ್ಕಿಂತ ಕೊನೆಗೆ ತಂತ್ರಾಂಶ ಎಂಬ ಕ್ರಮದಲ್ಲಿ ಅನುಮಾನಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ: ತಂತ್ರಾಂಶವನ್ನು ನಾಳೆಯೂ ತೆರೆಯಬಹುದು, ಆದರೆ ಇಂದು ಅರಳಿದ ಮೈಸಿನಾ ನಾಳೆಗೆ ಬಾಡಿ ಮಲಗಿರುತ್ತದೆ.

ಮೂರು ಫ್ರೇಮ್‌ಗಳ ಪರೀಕ್ಷೆ

ಯಾವುದೇ ದೋಷವಿರಲಿ, ಈ ಪರೀಕ್ಷೆಯಿಂದಲೇ ಆರಂಭಿಸಬೇಕು. ಸ್ಟ್ಯಾಕ್‌ನ ಮೊದಲ, ನಡುವಿನ ಮತ್ತು ಕೊನೆಯ ಫ್ರೇಮ್‌ಗಳನ್ನು ಕ್ಯಾಮೆರಾದ ಪರದೆಯ ಮೇಲೆಯೇ ಒಂದಾದ ಮೇಲೊಂದು ವೇಗವಾಗಿ ತಿರುಗಿಸಿ ನೋಡಿ. ಕಣ್ಣು ಅಣಬೆಯ ಮೇಲೆ ಮಾತ್ರ ಇರದೆ, ಅದು ನಿಂತಿರುವ ತೊಗಟೆಯ ಮೇಲೂ ಇರಲಿ. ತೊಗಟೆ ಮತ್ತು ಅಣಬೆ ಎರಡೂ ಚಿತ್ರದ ನಡುಬಿಂದುವಿನಿಂದ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿದಂತೆ ಅಥವಾ ಕುಗ್ಗಿದಂತೆ ಕಂಡರೆ ಅದು ದೋಷವಲ್ಲ: ಫೋಕಸ್ ಬದಲಾದಾಗ ಬಿಂಬದ ಗಾತ್ರವೂ ತುಸು ಬದಲಾಗುವುದು ಲೆನ್ಸಿನ ಸ್ವಭಾವ, ಅದನ್ನು ತಂತ್ರಾಂಶ ತಾನೇ ಸರಿಪಡಿಸಿಕೊಳ್ಳುತ್ತದೆ. ಎರಡೂ ಒಂದೇ ದಿಕ್ಕಿಗೆ ಜರುಗಿದ್ದರೆ ಕ್ಯಾಮೆರಾ ಸರಿದಿದೆ. ತೊಗಟೆ ಅಲುಗದೆ ಅಣಬೆ ಮಾತ್ರ ಜರುಗಿದ್ದರೆ ಗಾಳಿ ಇಲ್ಲವೇ ಅಣಬೆಯೇ ಕಾರಣ. ಯಾವುದೂ ಜರುಗದೆ ಬೆಳಕು ಮಾತ್ರ ಏರಿಳಿದಿದ್ದರೆ ದೀಪವನ್ನು ವಿಚಾರಿಸಬೇಕು. ಒಂದು ನಿಮಿಷವೂ ಹಿಡಿಯದ ಈ ಪರೀಕ್ಷೆಯನ್ನು ಟ್ರೈಪಾಡ್ ಮಡಚುವ ಮುಂಚೆಯೇ ಮಾಡಬೇಕು.

ಇಮ್ಮಡಿ ಅಂಚು, ನೆರಳಿನಂಥ ಎರಡನೇ ಟೊಪ್ಪಿಗೆ

ಒಮ್ಮೆ ಜಾಂಬೋಟಿಯ ಆಚೆ, ಪರಿಚಿತರೊಬ್ಬರ ಗೋಡಂಬಿ ತೋಟದ ಅಂಚಿನಲ್ಲಿ, ಕೊಳೆತ ಕೊಂಬೆಯ ಮೇಲೆ ಸಾಲಾಗಿ ನಿಂತ ಐದು ಮರಾಸ್ಮಿಯಸ್‌ಗಳ ಸ್ಟ್ಯಾಕ್ ತೆಗೆದೆ. ಒಟ್ಟು 46 ಫ್ರೇಮ್. ಮನೆಯಲ್ಲಿ ಪೇರಿಸಿ ನೋಡಿದರೆ ಮುಂದಿನ ಮೂರು ಅಣಬೆಗಳು ಚೊಕ್ಕಟವಾಗಿದ್ದು, ಹಿಂದಿನ ಎರಡಕ್ಕೆ ಇಮ್ಮಡಿ ಅಂಚು ಬಂದಿತ್ತು. ಗಾಳಿಯೆಂದುಕೊಂಡು ಮರುದಿನ ಅದೇ ಜಾಗಕ್ಕೆ ಹೋಗಿ, ಸುತ್ತ ಪ್ಲಾಸ್ಟಿಕ್ ಹಾಳೆಯ ತಡೆ ಕಟ್ಟಿ, ಇನ್ನೊಂದು ಗುಂಪನ್ನು ತೆಗೆದಾಗಲೂ ಅದೇ ದೋಷ ಮರುಕಳಿಸಿತು. ಆಗ ಫ್ರೇಮ್‌ಗಳನ್ನು ತಿರುಗಿಸಿ ನೋಡಿದರೆ, ಸುಮಾರು ಮೂವತ್ತನೆಯ ಫ್ರೇಮ್‌ವರೆಗೆ ಎಲ್ಲವೂ ಸ್ಥಿರವಾಗಿದ್ದು, ಅಲ್ಲಿಂದ ಮುಂದೆ ತೊಗಟೆಯೂ ಅಣಬೆಯೂ ಸೇರಿ ಕೆಳಗೆ ಎಡಕ್ಕೆ ಸರಿದಿದ್ದವು. ಗಾಳಿಗೆ ತೊಗಟೆ ಸರಿಯುವುದಿಲ್ಲ. ನೆನೆದ ಎಲೆಗಳ ಹಾಸು ನಾಲ್ಕು ಬೆರಳು ದಪ್ಪವಿತ್ತು; ಪರದೆ ನೋಡಲೆಂದು ನಾನು ಮೊಣಕಾಲೂರಿ ಬಾಗಿದಾಗ ಆ ಹಾಸು ನನ್ನ ಭಾರಕ್ಕೆ ಕುಸಿದು, ಅದರ ಜೊತೆಗೆ ಟ್ರೈಪಾಡಿನ ಒಂದು ಕಾಲೂ ಇಳಿದಿತ್ತು.

ಆ ಇಳಿತ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ, ಆದರೆ ಮ್ಯಾಕ್ರೋದಲ್ಲಿ ಕಣ್ಣಿಗೆ ಕಾಣದ್ದೇ ಕೆಡಿಸುವುದು. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಎಂಬ ಅಳತೆಯ ಸಂವೇದಕದಲ್ಲಿ ಒಂದು ಪಿಕ್ಸೆಲ್ ಸುಮಾರು 0.004 ಮಿ.ಮೀ. ಅಗಲವಿರುತ್ತದೆ. 1:1 ವರ್ಧನೆಯಲ್ಲಿ, ಅಂದರೆ ಸಂವೇದಕದ ಮೇಲಿನ ಬಿಂಬ ವಸ್ತುವಿನಷ್ಟೇ ದೊಡ್ಡದಿದ್ದಾಗ, ಅಣಬೆ 0.1 ಮಿ.ಮೀ. ಅಲುಗಿದರೆ, ಅಂದರೆ ಒಂದು ತೆಳು ಕಾಗದದ ದಪ್ಪದಷ್ಟು ಸರಿದರೆ, ಬಿಂಬ 25 ಪಿಕ್ಸೆಲ್‌ಗಳಷ್ಟು ಜರುಗುತ್ತದೆ. ಅಂದಿನಿಂದ ನಾನು ಎಲೆಗಳ ಹಾಸನ್ನು ಟ್ರೈಪಾಡಿನ ಕಾಲುಗಳು ಊರುವ ಮೂರು ಜಾಗಗಳಲ್ಲಿ ಮಾತ್ರ ಬಗೆದು, ಕೆಳಗಿನ ಜಂಬಿಟ್ಟಿಗೆ ಮಣ್ಣಿನ ಮೇಲೆ, ಮನೆಗೆ ಹಾಸಿ ಉಳಿದ ಶಹಾಬಾದ್ ಕಲ್ಲಿನ ಅಂಗೈಯಗಲದ ತುಂಡುಗಳನ್ನಿಟ್ಟು ಅದರ ಮೇಲೆ ಕಾಲು ಊರುತ್ತೇನೆ. ಸ್ಟ್ಯಾಕ್ ಮುಗಿಯುವವರೆಗೆ ಕುಳಿತ ಜಾಗದಿಂದ ಏಳುವುದಿಲ್ಲ, ಬಾಗುವುದೂ ಇಲ್ಲ. ಷಟರ್‌ಗೆ ರಿಮೋಟ್ ಅಥವಾ ಎರಡು ಸೆಕೆಂಡುಗಳ ವಿಳಂಬ ಬಳಸಬೇಕು, ಮತ್ತು ಟ್ರೈಪಾಡಿನ ಮೇಲಿರುವಾಗ ಲೆನ್ಸಿನ ಕಂಪನ ನಿವಾರಕವನ್ನು ಬಂದ್ ಮಾಡಿಡಬೇಕು. ಹಲವು ಲೆನ್ಸುಗಳಲ್ಲಿ ಅದು ಚಾಲೂ ಇದ್ದರೆ ಬಿಂಬ ಮೆಲ್ಲಗೆ ತೇಲುತ್ತದೆ.

ತೊಗಟೆ ಸ್ಥಿರವಾಗಿದ್ದು ಅಣಬೆ ಮಾತ್ರ ಸರಿದಿದ್ದರೆ ಅದು ಎರಡು ಬಗೆಯಲ್ಲಿ ಆಗಿರಬಹುದು. ಫ್ರೇಮ್‌ನಿಂದ ಫ್ರೇಮ್‌ಗೆ ಅತ್ತಿತ್ತ ತೂಗಾಡಿದ್ದರೆ ಗಾಳಿ. ಒಂದೇ ದಿಕ್ಕಿಗೆ ಮೆಲ್ಲಮೆಲ್ಲಗೆ ಬಾಗುತ್ತ ಹೋಗಿದ್ದರೆ ಅದು ಅಣಬೆಯದೇ ಚಲನೆ. ಸಗಣಿಯ ಮೇಲೆ ಮತ್ತು ಕೊಳೆತ ಮರದ ಮೇಲೆ ಏಳುವ ಸಣ್ಣ ಶಾಯಿ ಅಣಬೆಗಳು ಕೆಲವೇ ಗಂಟೆಗಳಲ್ಲಿ ಅರಳಿ ಮುದುಡುತ್ತವೆ. ಹತ್ತಿರದಲ್ಲಿ ಬಿಸಿಯಾಗುವ ದೀಪವಿಟ್ಟರೆ ಟೊಪ್ಪಿಗೆಯ ಒಂದು ಬದಿ ಬೇಗ ಒಣಗಿ ಅತ್ತ ಸೆಳೆಯುತ್ತದೆ. ಇಲ್ಲಿ ಪರಿಹಾರ ಒಂದೇ, ಸ್ಟ್ಯಾಕ್‌ನ ಒಟ್ಟು ಅವಧಿಯನ್ನು ಇಳಿಸುವುದು: ಫ್ರೇಮ್ ಒಂದಕ್ಕೆ ಎರಡು ಸೆಕೆಂಡು ಬೆಳಕುಣಿಸುವ ಬದಲು ಫ್ಲ್ಯಾಶ್ ಬಳಸಿ ಇಡೀ ಸ್ಟ್ಯಾಕ್ ಅನ್ನು ಒಂದೆರಡು ನಿಮಿಷದಲ್ಲಿ ಮುಗಿಸಬೇಕು. ಫ್ಲ್ಯಾಶ್ ಬಗ್ಗೆ ಒಂದು ತಪ್ಪು ನಂಬಿಕೆಯಿದೆ. ಅದು ಒಂದು ಫ್ರೇಮ್‌ನೊಳಗಿನ ಅಲುಗಾಟವನ್ನು ನಿಲ್ಲಿಸುತ್ತದೆ. ಎರಡು ಫ್ರೇಮ್‌ಗಳ ನಡುವೆ ಅಣಬೆ ಜಾಗ ಬದಲಿಸಿದ್ದನ್ನು ಅದು ತಡೆಯಲಾರದು. ಹಾಗಾಗಿ ಪ್ರತಿ ಫ್ರೇಮ್ ಚೂಪಾಗಿದ್ದು ಪೇರಿಸಿದ ಚಿತ್ರ ಮಾತ್ರ ಇಮ್ಮಡಿಯಾಗಿದ್ದರೆ, ಫ್ಲ್ಯಾಶ್ ತನ್ನ ಕೆಲಸ ಮಾಡಿದೆ, ಗಾಳಿಯ ತಡೆ ಸಾಲದಾಗಿದೆ ಎಂದರ್ಥ.

ಟೊಪ್ಪಿಗೆಯ ಮೇಲೆ ಒಂದೇ ಹುಳು ಮೂರು ನಾಲ್ಕು ಕಡೆ ಅರೆಪಾರದರ್ಶಕವಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಒಂದೆರಡು ಮಿಲಿಮೀಟರಿನ ಸ್ಪ್ರಿಂಗ್‌ಟೇಲ್ ಎಂಬ ಜೀವಿಗಳು ಅಣಬೆಯ ಮೇಲೆ ಓಡಾಡುತ್ತಲೇ ಇರುತ್ತವೆ. ಅವು ಇಲ್ಲದ ಫ್ರೇಮ್‌ನಿಂದ ಆ ಜಾಗವನ್ನು ತಂತ್ರಾಂಶದ ಕುಂಚದಲ್ಲಿ ತುಂಬಿದರಾಯಿತು.

ಪಟ್ಟೆ ಪಟ್ಟೆಯಾಗಿ ಮಂಕು, ಇಲ್ಲವೇ ಇಡೀ ಚಿತ್ರ ಮಂಕು

ಟೊಪ್ಪಿಗೆಯ ಮೇಲೆ ಚೂಪು, ಮಂಕು, ಚೂಪು, ಮಂಕು ಎಂದು ಉಂಗುರಗಳಂತೆ ಪಟ್ಟೆಗಳು ಕಂಡರೆ ಫೋಕಸ್‌ನ ಹೆಜ್ಜೆ (ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಫೋಕಸ್ ಸರಿಯುವ ದೂರ) ದೊಡ್ಡದಾಗಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 1:1 ವರ್ಧನೆಗೆ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹೊಗುವ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಅದು ಕಿರಿದು) ಎಫ್ 5.6 ಇದ್ದಾಗ, ಚೂಪಾಗಿ ಕಾಣುವ ಆಳ ಸುಮಾರು 0.45 ಮಿ.ಮೀ. ಮಾತ್ರ. ಒಂದು ಫ್ರೇಮಿನ ಚೂಪಾದ ಆಳ ಮುಂದಿನದರೊಳಗೆ ಮೂರನೇ ಒಂದು ಭಾಗವಾದರೂ ಹೊಕ್ಕಿರಬೇಕಾದ್ದರಿಂದ ಹೆಜ್ಜೆ 0.3 ಮಿ.ಮೀ. ಮೀರಬಾರದು, ಹನ್ನೆರಡು ಮಿಲಿಮೀಟರ್ ಆಳದ ಅಣಬೆಗೆ ನಲವತ್ತು ಫ್ರೇಮ್ ಬೇಕು. ವರ್ಧನೆ ಅರ್ಧಕ್ಕಿಳಿದರೆ ಅದೇ ಅಪರ್ಚರ್‌ನಲ್ಲಿ ಆಳ ಸುಮಾರು 1.3 ಮಿ.ಮೀ.ಗೆ ಏರುತ್ತದೆ, ಫ್ರೇಮ್‌ಗಳೂ ಅಷ್ಟೇ ಕಡಿಮೆ ಸಾಕು.

ಕ್ಯಾಮೆರಾ ತಾನೇ ಫೋಕಸ್ ಸರಿಸುತ್ತ ಫ್ರೇಮ್ ತೆಗೆಯುವ ಫೋಕಸ್ ಬ್ರಾಕೆಟಿಂಗ್‌ನಲ್ಲಿ ಕಾಣುವ ಹೆಜ್ಜೆಯ ಅಂಕಿ ಮಿಲಿಮೀಟರ್ ಅಲ್ಲ, ಆದ್ದರಿಂದ ಕಾಡಿಗೆ ಹೋಗುವ ಮುನ್ನ ಮನೆಯಲ್ಲೇ ಅದನ್ನು ಅಳೆದಿಟ್ಟುಕೊಳ್ಳಬೇಕು. ಶಾಲೆಯ ಮಕ್ಕಳ ಸ್ಟೀಲ್ ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು, ಒಂದೊಂದು ಅಂಕಿಗೂ ಹತ್ತು ಫ್ರೇಮ್ ತೆಗೆದು, ಚೂಪಾದ ಜಾಗ ಸ್ಕೇಲಿನ ಮೇಲೆ ಎಷ್ಟು ಮುಂದೆ ಸರಿಯಿತೆಂದು ನೋಡಿ; ಆ ಓರೆಯಲ್ಲಿ ಸ್ಕೇಲಿನ ಒಂದು ಮಿಲಿಮೀಟರ್ ಎಂದರೆ ಆಳದಲ್ಲಿ 0.7 ಮಿ.ಮೀ. ಈ ಲೆಕ್ಕವನ್ನು ಪ್ರತಿ ಅಪರ್ಚರ್‌ಗೂ ಬರೆದು ಬ್ಯಾಗಿನಲ್ಲಿಟ್ಟುಕೊಂಡರೆ ಪಟ್ಟೆಯ ದೋಷ ಬಹುತೇಕ ಮುಗಿದಂತೆ.

ಪಟ್ಟೆಯಿಲ್ಲದೆ ಇಡೀ ಚಿತ್ರ ಒಂದೇ ಸಮನೆ ಮಂಕಾಗಿದ್ದರೆ ಕಾರಣ ಬೇರೆ. ಫ್ರೇಮ್‌ಗಳನ್ನು ಕಡಿಮೆ ಮಾಡುವ ಆಸೆಯಿಂದ ಅಪರ್ಚರ್ ಅನ್ನು ಎಫ್ 16ಕ್ಕೆ ಕಿರಿದು ಮಾಡಿದವರು ಈ ದೋಷಕ್ಕೆ ಸಿಕ್ಕುತ್ತಾರೆ. ಲೆನ್ಸಿನ ಅಂಕಿಯನ್ನು ವರ್ಧನೆಗೆ ಒಂದು ಕೂಡಿಸಿ ಗುಣಿಸಿದರೆ ನಿಜವಾದ ಅಪರ್ಚರ್ ಸಿಗುತ್ತದೆ: 1:1ರಲ್ಲಿ ಎಫ್ 16 ಎಂಬುದು ಎಫ್ 32ರಂತೆ ವರ್ತಿಸುತ್ತದೆ, ಆಗ ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವುದರಿಂದ (ವಿವರ್ತನೆ) ಒಂದು ಚುಕ್ಕೆ ಹತ್ತಾರು ಪಿಕ್ಸೆಲ್‌ಗಳಿಗೆ ಹರಡುತ್ತದೆ. ಯಾವ ತಂತ್ರಾಂಶವೂ ಇದನ್ನು ಮರಳಿ ಕೊಡಲಾರದು. ಎಫ್ 4ರಿಂದ ಎಫ್ 8ರೊಳಗೆ ಇದ್ದು, ಬೇಕಾದಷ್ಟು ಫ್ರೇಮ್ ತೆಗೆಯುವುದೇ ಸರಿಯಾದ ದಾರಿ. ಕ್ಯಾಮೆರಾದ ಮೆಕಾನಿಕಲ್ ಷಟರ್‌ನ ಹೊಡೆತವೂ ಇಂಥದೇ ಮಂಕನ್ನು ತರಬಹುದು. ಅದು ತೀರ ಉದ್ದವೂ ತೀರ ಕಿರಿದೂ ಅಲ್ಲದ ಎಕ್ಸ್‌ಪೋಷರ್‌ನಲ್ಲಿ ಹೆಚ್ಚು ಕಾಣುತ್ತದೆ.

ಬೆಳಕಿನ ದೋಷಗಳು

ಅಣಬೆಯ ಚಿತ್ರಕ್ಕೆ ಜೀವ ಬರುವುದು ಹಿಂದಿನ ಬೆಳಕಿನಿಂದ. ಟೊಪ್ಪಿಗೆಯ ಹಿಂದೆ, ಒಂದು ಬದಿಗೆ, ನೆಲಮಟ್ಟದಲ್ಲಿ ಚಿಕ್ಕ ಎಲ್‌ಇಡಿ ಇಟ್ಟು, ಮುಂದಿನಿಂದ ಒಂದು ಬಿಳಿ ರಟ್ಟಿನಿಂದ ತುಸು ಬೆಳಕನ್ನು ಮರಳಿಸಿದರೆ, ತೆಳು ಟೊಪ್ಪಿಗೆಯೊಳಗಿಂದ ಕಿವಿರುಗಳ (ಟೊಪ್ಪಿಗೆಯ ಅಡಿಯ ತೆಳು ಪದರಗಳ) ನೆರಳು ದೀಪದ ಚಿಮಣಿಯ ಮೇಲಿನ ಗೀರುಗಳಂತೆ ಮೂಡುತ್ತದೆ. ಆದರೆ ದೋಷಗಳೂ ಹೆಚ್ಚಾಗಿ ಈ ಬೆಳಕಿನಲ್ಲೇ ಏಳುತ್ತವೆ.

ಚಿತ್ರದ ಮೇಲೆಲ್ಲ ಬೂದು ಪರದೆ ಹಾಸಿದಂತಿದ್ದರೆ, ದೀಪದ ಕಿರಣ ನೇರವಾಗಿ ಲೆನ್ಸಿನ ಮುಂದಿನ ಗಾಜಿಗೆ ಬಡಿಯುತ್ತಿದೆ. ಖಚಿತಪಡಿಸಿಕೊಳ್ಳಲು ಲೆನ್ಸಿನ ಮೇಲುಗಡೆ ಮತ್ತು ಬದಿಗಳಲ್ಲಿ ಒಂದು ಕಪ್ಪು ರಟ್ಟನ್ನು ಅಡ್ಡ ಹಿಡಿದು ಪರದೆ ನೋಡುತ್ತ ಸರಿಸಿ. ಯಾವ ಜಾಗದಲ್ಲಿ ಕಪ್ಪು ಬಣ್ಣ ಗಟ್ಟಿಯಾಗುತ್ತದೋ ಅಲ್ಲೇ ರಟ್ಟನ್ನು ಕಟ್ಟಬೇಕು.

ಟೊಪ್ಪಿಗೆಯ ಮೇಲೆ ಬಿಳಿ ಮಚ್ಚೆ ಹೊಳೆದರೆ ಅದು ಮಳೆಗೆ ನೆನೆದ ಜಿಗುಟು ಮೈಯಿಂದ ಮರಳಿದ ಪ್ರತಿಫಲನ. ಡಿಫ್ಯೂಸರ್ (ಬೆಳಕನ್ನು ಹರಡಿ ಮೆದುವಾಗಿಸುವ ಹಾಳೆ) ಹಾಕಿದ್ದೇನೆ, ಆದರೂ ಹೊಳಪು ಹೋಗಲಿಲ್ಲ ಎಂದು ಹಲವರು ಹೇಳುತ್ತಾರೆ. ಡಿಫ್ಯೂಸರ್ ದೀಪಕ್ಕೆ ಅಂಟಿಕೊಂಡಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಅಣಬೆಯಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೇ ಮುಖ್ಯ. ಟ್ರೇಸಿಂಗ್ ಹಾಳೆಯನ್ನು ದೀಪದಿಂದ ದೂರ, ಅಣಬೆಗೆ ಎರಡು ಮೂರು ಇಂಚು ಹತ್ತಿರ ತಂದು, ಅದರ ಇಡೀ ಮೈ ಬೆಳಗುವಂತೆ ಮಾಡಿದರೆ ಮಚ್ಚೆ ಹರಡಿ ಮೆದುವಾಗುತ್ತದೆ. ಆಮೇಲೂ ಉಳಿದ ಹೊಳಪಿಗೆ ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಬಹುದು, ಆದರೆ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಕಳೆಯುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು). ಪೂರ್ತಿ ಹೊಳಪನ್ನು ತೆಗೆದುಬಿಡಬಾರದೆಂಬುದು ನನ್ನ ಅನಿಸಿಕೆ. ಒದ್ದೆ ಅಣಬೆ ಒದ್ದೆಯಾಗಿಯೇ ಕಾಣಬೇಕು.

ಫ್ರೇಮ್‌ನಲ್ಲಿ ಅಡ್ಡಲಾಗಿ ಕಪ್ಪು, ಬಿಳುಪು ಪಟ್ಟಿಗಳು ಬಂದರೆ ಅದು ಎಲ್‌ಇಡಿಯ ಮಿನುಗು. ಹಲವು ಅಗ್ಗದ ಪ್ಯಾನೆಲ್‌ಗಳು ಬೆಳಕನ್ನು ಕಡಿಮೆ ಮಾಡಲು ದೀಪವನ್ನು ಅತಿ ವೇಗವಾಗಿ ಆರಿಸಿ ಹತ್ತಿಸುತ್ತವೆ. ಎಲೆಕ್ಟ್ರಾನಿಕ್ ಷಟರ್ ಸಂವೇದಕವನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟಿಯಾಗಿ ದಾಖಲಾಗುತ್ತದೆ. ಪ್ಯಾನೆಲನ್ನು ಪೂರ್ಣ ಪ್ರಕಾಶದಲ್ಲಿಟ್ಟು ದೂರ ಸರಿಸಬೇಕು, ಇಲ್ಲವೇ ಎಕ್ಸ್‌ಪೋಷರ್ ಅನ್ನು 1/10 ಸೆಕೆಂಡಿಗಿಂತ ಉದ್ದ ಮಾಡಬೇಕು. ಫ್ಲ್ಯಾಶ್ ಬಳಸುವಾಗ ಕಾಣುವ ದೋಷ ಇನ್ನೊಂದು ಬಗೆಯದು: ನಡುವೆ ಅಲ್ಲೊಂದು ಇಲ್ಲೊಂದು ಫ್ರೇಮ್ ಮಬ್ಬಾಗಿರುತ್ತದೆ. ಎಲ್ಲ ಫ್ರೇಮ್‌ಗಳನ್ನು ಚಿಕ್ಕದಾಗಿ ಸಾಲಾಗಿಟ್ಟು ನೋಡಿದರೆ ಇದು ಒಡನೆ ತಿಳಿಯುತ್ತದೆ. ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗುವ ಮುನ್ನ ಕ್ಯಾಮೆರಾ ಮುಂದಿನ ಫ್ರೇಮ್ ತೆಗೆದಿದೆ. ಶಕ್ತಿಯನ್ನು 1/16 ಅಥವಾ 1/32ಕ್ಕೆ ಇಳಿಸಿ, ಫ್ರೇಮ್‌ಗಳ ನಡುವೆ ಮೂರು ಸೆಕೆಂಡು ಬಿಡಬೇಕು. ಫ್ಲ್ಯಾಶ್ ಹತ್ತುವುದೇ ಇಲ್ಲವೆಂದಾದರೆ, ಬ್ರಾಕೆಟಿಂಗ್ ಚಾಲೂ ಮಾಡಿದೊಡನೆ ಕ್ಯಾಮೆರಾ ಎಲೆಕ್ಟ್ರಾನಿಕ್ ಷಟರ್‌ಗೆ ಬದಲಾಗಿದೆಯೇ ನೋಡಿ. ಆ ಷಟರ್‌ನಲ್ಲಿ ಹಲವು ಮಾದರಿಗಳು ಫ್ಲ್ಯಾಶ್ ಹತ್ತಿಸುವುದಿಲ್ಲ.

ಸ್ಟ್ಯಾಕ್‌ನ ಉದ್ದಕ್ಕೂ ಬೆಳಕು ಮೆಲ್ಲಗೆ ಏರಿ ಇಳಿದಿದ್ದರೆ ಮೋಡವೇ ಕಾರಣ. ದೀಪ ಆರಿಸಿ ಒಂದು ಫ್ರೇಮ್ ತೆಗೆಯಿರಿ: ಅದು ಪೂರ್ತಿ ಕಪ್ಪಾಗಿದ್ದರೆ ಸುತ್ತಲಿನ ಬೆಳಕಿನ ಪಾಲಿಲ್ಲ, ಏನಾದರೂ ಕಂಡರೆ ಅಷ್ಟು ಪಾಲು ಮೋಡದ ಕೈಯಲ್ಲಿದೆ. ಎಲೆಗಳ ಮೂಲಕ ಇಳಿದ ಬೆಳಕಿಗೆ ಹಸಿರು ಛಾಯೆಯಿರುವುದರಿಂದ ಬಿಳಿ ಅಣಬೆ ಹಸಿರಾಗಿ ಕಾಣುವುದೂ ಈ ಪಾಲಿನಿಂದಲೇ. ಜಿಟಿಜಿಟಿ ಮಳೆಗೆ ಹಿಡಿದ ಛತ್ರಿ ನೀಲಿಯೋ ಕೆಂಪೋ ಆಗಿದ್ದರೆ ಆ ಬಣ್ಣವೂ ಅಣಬೆಗೆ ಹತ್ತುತ್ತದೆ. ಕಪ್ಪು ಛತ್ರಿಯೇ ಇರಲಿ. ಐಎಸ್‌ಒ, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಆಟೊದಿಂದ ತೆಗೆದು ಸ್ಥಿರ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅಂಚಿನ ಸುತ್ತ ಪ್ರಭೆ

ಟೊಪ್ಪಿಗೆಯ ಅಂಚಿನ ಸುತ್ತ ಮಸುಕಾದ ಬೆಳಕಿನ ಉಂಗುರ ಕಾಣುವುದು ತಂತ್ರಾಂಶದ ದೋಷವೆಂದು ಎಲ್ಲರೂ ನಂಬುತ್ತಾರೆ, ಅದು ಅರ್ಧ ಸತ್ಯ. ಹಿಂದಿನ ತೊಗಟೆಗೆ ಫೋಕಸ್ ಮಾಡಿದಾಗ ಮುಂದಿನ ಟೊಪ್ಪಿಗೆ ಮಸುಕಾಗಿ ಹರಡಿ, ತನ್ನ ಅಂಚಿನ ಪಕ್ಕದ ತೊಗಟೆಯನ್ನು ಮುಚ್ಚುತ್ತದೆ. ಆ ಪಟ್ಟಿಯಷ್ಟು ಜಾಗ ಯಾವ ಫ್ರೇಮ್‌ನಲ್ಲೂ ಚೂಪಾಗಿ ದಾಖಲಾಗಿರುವುದಿಲ್ಲ. ಇಲ್ಲದ್ದನ್ನು ತಂತ್ರಾಂಶ ಎಲ್ಲಿಂದ ತರಬೇಕು? ಹಿಂದಿನ ಬೆಳಕಿನಿಂದ ಅಂಚು ಬೆಳಗಿ, ಹಿನ್ನೆಲೆ ಕಪ್ಪಾಗಿದ್ದಾಗ ಇದು ಕಣ್ಣಿಗೆ ರಾಚುತ್ತದೆ. ಎಫ್ 4ರ ಬದಲು ಎಫ್ 8 ಹಿಡಿದರೆ ಹರಡುವಿಕೆ ಕಿರಿದಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಫ್ರೇಮ್‌ಗಳನ್ನು ಅಣಬೆಯ ಹಿಂದಿನ ಅಂಚಿಗೇ ನಿಲ್ಲಿಸಬೇಕು. ದೂರದ ಹಿನ್ನೆಲೆಯನ್ನು ಚೂಪಾಗಿಸುವ ಫ್ರೇಮ್‌ಗಳು ಪ್ರಭೆಯನ್ನು ದೊಡ್ಡದು ಮಾಡುವುದಲ್ಲದೆ, ಮೆದುವಾಗಿರಬೇಕಾದ ಹಿನ್ನೆಲೆಯನ್ನು ಕದಡುತ್ತವೆ. ಕ್ಯಾಮೆರಾವನ್ನು ಒಂದೆರಡು ಇಂಚು ಕೆಳಗಿಳಿಸಿ, ಟೊಪ್ಪಿಗೆಯ ಅಂಚಿನ ಹಿಂದೆ ತೊಗಟೆಯ ಬದಲು ಬಯಲು ಬರುವಂತೆ ಮಾಡಿದರೆ ಎಷ್ಟೋ ಸಲ ದೋಷವೇ ಉಳಿಯುವುದಿಲ್ಲ.

ಲೆನ್ಸ್ ಮತ್ತು ಸಂವೇದಕ

ಎಸಿ ಹಾಕಿದ ಕಾರಿನಲ್ಲಿ ಕಣಕುಂಬಿ ತಲುಪಿ ಒಡನೆ ಬ್ಯಾಗ್ ತೆರೆದರೆ, ತಣ್ಣಗಿರುವ ಗಾಜಿನ ಮೇಲೆ ಅಲ್ಲಿನ ತೇವದ ಗಾಳಿ ಇಬ್ಬನಿಗಟ್ಟುತ್ತದೆ. ಮೊದಲ ಫ್ರೇಮ್‌ಗಳು ಹಾಲು ಚೆಲ್ಲಿದಂತಿದ್ದು ಬರಬರುತ್ತ ತಿಳಿಯಾಗಿದ್ದರೆ ಇದೇ ಕಾರಣ. ಊರು ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ, ಕಿಟಕಿ ಇಳಿಸಿಕೊಂಡು ಹೋಗಬೇಕು. ಮುಂದಿನ ಗಾಜನ್ನು ಒರೆಸಿದರೂ ಒಳಗಿನ ಗಾಜುಗಳ ಇಬ್ಬನಿ ಹೋಗುವುದಿಲ್ಲ.

ಪೇರಿಸಿದ ಚಿತ್ರದಲ್ಲಿ ಹುಳು ಹರಿದಾಡಿದಂಥ ಬೂದು ಗೆರೆಗಳು ನಡುಬಿಂದುವಿನತ್ತ ಮುಖ ಮಾಡಿ ಕಂಡರೆ ಅದು ಸಂವೇದಕದ ಮೇಲಿನ ಧೂಳು. ತಂತ್ರಾಂಶ ಪ್ರತಿ ಫ್ರೇಮನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತದೆ, ಧೂಳು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಒಂದೇ ಕಣ ನಲವತ್ತು ಜಾಗಗಳಲ್ಲಿ ಬಿದ್ದು ಗೆರೆಯಾಗುತ್ತದೆ. ಬಿಳಿ ಕಾಗದವನ್ನು ಎಫ್ 16ರಲ್ಲಿ, ಫೋಕಸ್ ಮಾಡದೆ ತೆಗೆದರೆ ಧೂಳು ಚುಕ್ಕೆಯಾಗಿ ಕಾಣುತ್ತದೆ. ಗೆರೆಗಳು ಕೆಂಪು, ನೀಲಿ ಬಣ್ಣದ ಸಣ್ಣ ಚುಕ್ಕೆಗಳ ಸರದಂತಿದ್ದರೆ ಅವು ಉದ್ದನೆಯ ಎಕ್ಸ್‌ಪೋಷರ್‌ನಲ್ಲಿ ಎದ್ದು ಕಾಣುವ ಬಿಸಿ ಪಿಕ್ಸೆಲ್‌ಗಳು. ಸ್ವಚ್ಛಗೊಳಿಸಿದರೆ ಹೋಗುವುದಿಲ್ಲ, ಎಕ್ಸ್‌ಪೋಷರ್ ಕಿರಿದಾಗಬೇಕು.

ಕೊನೆಗೆ ತಂತ್ರಾಂಶ

ಇಷ್ಟೆಲ್ಲ ಸರಿಯಿದ್ದೂ ಚಿತ್ರ ಕೆಟ್ಟರೆ ಆಗ ವಿಧಾನ ಬದಲಿಸಿ ನೋಡಬೇಕು. ಪೇರಿಸುವ ತಂತ್ರಾಂಶಗಳಾದ ಜೆರೀನ್ ಸ್ಟ್ಯಾಕರ್‌ನ ಪಿಮ್ಯಾಕ್ಸ್, ಹೆಲಿಕಾನ್ ಫೋಕಸ್‌ನ ಸಿ ವಿಧಾನ ಇವು ಒಂದರ ಮೇಲೊಂದು ಹಾಯುವ ದಂಟು, ರೋಮ, ಕಿವಿರುಗಳನ್ನು ಚೆನ್ನಾಗಿ ಬಿಡಿಸುತ್ತವೆ, ಆದರೆ ಚಿತ್ರದ ಕಾಳುಕಾಳುತನವನ್ನೂ (ನಾಯ್ಸ್) ಕಾಂಟ್ರಾಸ್ಟನ್ನೂ ಹೆಚ್ಚಿಸುತ್ತವೆ. ಜೆರೀನ್‌ನ ಡಿಮ್ಯಾಪ್ ಮತ್ತು ಹೆಲಿಕಾನ್‌ನ ಬಿ ವಿಧಾನಗಳು ಟೊಪ್ಪಿಗೆಯ ನಯವಾದ ಮೈಬಣ್ಣವನ್ನು ಹಾಗೆಯೇ ಉಳಿಸಿ, ಹಾಯ್ದ ಅಂಚುಗಳಲ್ಲಿ ಎಡವುತ್ತವೆ. ಎರಡನ್ನೂ ಮಾಡಿ, ಡಿಮ್ಯಾಪ್ ಚಿತ್ರವನ್ನು ತಳಹದಿಯಾಗಿಟ್ಟುಕೊಂಡು, ಕಿವಿರುಗಳ ಜಾಗದಲ್ಲಿ ಮಾತ್ರ ಪಿಮ್ಯಾಕ್ಸ್ ಚಿತ್ರವನ್ನು ಕುಂಚದಿಂದ ತುಂಬುವುದು ನನ್ನ ರೂಢಿ.

ಡಿಮ್ಯಾಪ್, ಬಿಯಂಥ ಡೆಪ್ತ್ ಮ್ಯಾಪ್ ವಿಧಾನಗಳಿಗೆ ಫ್ರೇಮ್‌ಗಳು ಮುಂದಿನಿಂದ ಹಿಂದಕ್ಕೆ ಇಲ್ಲವೇ ಹಿಂದಿನಿಂದ ಮುಂದಕ್ಕೆ ಕ್ರಮವಾಗಿ ಬರಬೇಕು. ಎಲ್ಲ ಫ್ರೇಮ್ ಚೂಪಾಗಿದ್ದು, ಯಾವುದೂ ಸರಿಯದೆ, ಬೆಳಕೂ ಸಮನಾಗಿದ್ದು, ಆದರೂ ಚಿತ್ರದ ಒಂದು ಭಾಗ ಕಲಸಿಹೋಗಿದ್ದರೆ ಕಡತಗಳ ಹೆಸರನ್ನು ನೋಡಿ: ಕ್ಯಾಮೆರಾದ ಎಣಿಕೆ 9999 ಮುಟ್ಟಿ ಸ್ಟ್ಯಾಕ್‌ನ ನಡುವೆಯೇ 0001ಕ್ಕೆ ಮರಳಿದ್ದರೆ, ಹೆಸರಿನ ಕ್ರಮದಲ್ಲಿ ಕೊನೆಯ ಅರ್ಧ ಮೊದಲಿಗೆ ಬಂದು ಕುಳಿತಿರುತ್ತದೆ. ತೆಗೆದ ಸಮಯದ ಪ್ರಕಾರ ಜೋಡಿಸಿ ಮತ್ತೊಮ್ಮೆ ಪೇರಿಸಬೇಕು.